ಐದು ತಿಂಗಳು ಮನೆಗೆ ಬೀಗ, ಅದೂ ಮಳೆಗಾಲದಲ್ಲಿ. ಸೋಲಾರ್ ಬ್ಯಾಟರಿಗಳನ್ನು ಏನು ಮಾಡಿ ಹೋಗಲಿ?

ಬಾಳೂರು ತೋಟ — ಮೇ 11

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಬಾಳೂರಿನ ಹತ್ತಿರ ಒಂದು ಸಣ್ಣ ಕಾಫಿ ತೋಟ. ಮನೆ ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ, ಕರೆಂಟ್ ಕಂಬ ಅಲ್ಲಿವರೆಗೆ ಬಂದಿಲ್ಲ. ಏಳು ವರ್ಷದಿಂದ ಪೂರ್ತಿ ಸೋಲಾರ್ ಮೇಲೇ ಬದುಕು. ಈಗಿರುವುದು ಎರಡನೇ ಸೆಟ್ ಬ್ಯಾಟರಿ, ಹಾಕಿಸಿ ಎರಡು ವರ್ಷ ಆಯಿತು. 150 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನುವ ಅಳತೆ) ಟ್ಯೂಬುಲರ್, ಅಂದರೆ ನೀರು ಹಾಕುವ ಲೆಡ್ ಆಸಿಡ್ ಬಗೆಯವು, ನಾಲ್ಕು ಇವೆ, ಎರಡೆರಡು ಸೀರೀಸ್ ಮಾಡಿ ಪ್ಯಾರಲಲ್ ಕೊಟ್ಟಿದ್ದಾರೆ, ಒಟ್ಟು 24 ವೋಲ್ಟ್. ಕಣದ ಪಕ್ಕ 335 ವ್ಯಾಟ್‌ನ ಮೂರು ಪ್ಯಾನಲ್. ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ಬೇರೆ, ಇನ್ವರ್ಟರ್ ಬೇರೆ.

ವಿಷಯ ಏನಂದರೆ, ಜೂನ್ ಮೊದಲ ವಾರ ನಾವಿಬ್ಬರೂ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೇವೆ. ವಾಪಸ್ ಬರುವುದು ದೀಪಾವಳಿ ಹೊತ್ತಿಗೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಲೈನ್ ಮನೆಯಲ್ಲಿ (ಕೆಲಸದವರ ಸಾಲುಮನೆ) ಇರುತ್ತಾರೆ, ದಿನಾ ಒಂದು ಸಲ ಮನೆ ಕಡೆ ಬಂದು ಹೋಗುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಬ್ಯಾಟರಿ ಅಂದರೆ ಭಯ.

ನನಗೂ ಭಯ ಇದೆ, ಕಾರಣ ಬೇರೆ. ಹಿಂದಿನ ಸೆಟ್ ಹಾಳಾಗಿದ್ದೇ ಹೀಗೆ. ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾಗ ಎರಡೂವರೆ ತಿಂಗಳು ಮನೆ ಖಾಲಿ ಇತ್ತು. ಫ್ರಿಜ್, ಟಿವಿ, ಲೈಟ್ ಎಲ್ಲ ಆಫ್ ಮಾಡಿಯೇ ಹೋಗಿದ್ದೆ. ಆಷಾಢ ಕಳೆದು ಬಂದು ನೋಡಿದರೆ ಮೀಟರ್‌ನಲ್ಲಿ 19 ವೋಲ್ಟ್. ಎಷ್ಟು ಚಾರ್ಜ್ ಮಾಡಿದರೂ ಎರಡು ಬ್ಯಾಟರಿ ಮತ್ತೆ ಏಳಲೇ ಇಲ್ಲ.

ಈ ಸಲ ಎಲ್ಲ ವೈರ್ ಬಿಚ್ಚಿಟ್ಟು ಹೋಗಲೇ, ಇಲ್ಲ ಹಾಗೇ ಬಿಡಲೇ? ಒಂದು ಸಿಸಿ ಕ್ಯಾಮೆರಾ ಮತ್ತು ರೌಟರ್ ಓಡುತ್ತಿದ್ದರೆ ಮನೆ ನೋಡಬಹುದಿತ್ತು ಅನ್ನುವ ಆಸೆ ಬೇರೆ. ಇನ್ನೊಂದು, ಬ್ಯಾಟರಿ ಕೋಣೆಗೆ ತೇವ ಬರಬಾರದು ಅಂತ ಕಿಟಕಿಗೆ ಪ್ಲಾಸ್ಟಿಕ್ ಶೀಟ್ ಹೊಡೆಸೋಣ ಅಂತ ಇದ್ದೇನೆ.

ಹಳೇ ವೈರ್‌ಮನ್ — ಮೇ 11

ಕಿಟಕಿಗೆ ಪ್ಲಾಸ್ಟಿಕ್ ಹೊಡೆಸಬೇಡಿ ಮಾರಾಯ್ರೆ. ಮೊದಲು ಅದನ್ನು ಹೇಳಿ ಮುಗಿಸುತ್ತೇನೆ, ಉಳಿದದ್ದು ಆಮೇಲೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿ ಸಾಕು. ಹಗುರ ಗ್ಯಾಸ್, ಮೇಲಕ್ಕೆ ಹೋಗಿ ಸೂರಿನ ಹತ್ತಿರ ನಿಲ್ಲುತ್ತದೆ. ಹಂಚಿನ ಮನೆ ಆದರೆ ಸಂದಿಯಲ್ಲಿ ತಾನೇ ಹೋಗುತ್ತೆ, ತಾರಸಿ ಆದರೆ ಮೇಲುಗಡೆ ಒಂದು ಗವಾಕ್ಷಿ ಇರಲೇಬೇಕು. ಇರಚಲು ಬಾರದ ಹಾಗೆ ಹೊರಗಡೆ ಒಂದು ತಗಡು ಇಳಿಜಾರಾಗಿ ಹೊಡೆಸಿ, ಒಳಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಸಾಕು.

ಇನ್ನು ನಿಮ್ಮ 19 ವೋಲ್ಟ್ ಕಥೆ. ಟಿವಿ, ಫ್ರಿಜ್ ಆಫ್ ಮಾಡಿದಿರಿ ಸರಿ, ಇನ್ವರ್ಟರ್ ಆಫ್ ಮಾಡಿದ್ದಿರಾ?

ಬಾಳೂರು ತೋಟ — ಮೇ 11

ಇಲ್ಲ. ಲೋಡ್ ಇಲ್ಲವಲ್ಲ, ಇರಲಿ ಅಂತ ಬಿಟ್ಟಿದ್ದೆ. ಹಸಿರು ಲೈಟ್ ಉರಿಯುತ್ತಿತ್ತು.

ಹಳೇ ವೈರ್‌ಮನ್ — ಮೇ 11

ಅಲ್ಲೇ ಇರೋದು. ಆ ಹಸಿರು ಲೈಟೇ ನಿಮ್ಮ ಬ್ಯಾಟರಿ ತಿಂದದ್ದು.

ಹಾಸನ ಬ್ಯಾಟರಿ ಅಂಗಡಿ — ಮೇ 12

ವೈರ್‌ಮನ್ ಅಣ್ಣ ಹೇಳಿದ್ದು ಸರಿ, ನಾನು ಲೆಕ್ಕ ಹಾಕಿ ತೋರಿಸುತ್ತೇನೆ. ಎರಡು ಕೆವಿಎ ಆಸುಪಾಸಿನ ಇನ್ವರ್ಟರ್ ಏನೂ ಲೋಡ್ ಇಲ್ಲದೆ ಸುಮ್ನೆ ಕೂತರೂ 20ರಿಂದ 30 ವ್ಯಾಟ್ ಎಳೆಯಬಹುದು. 25 ಅಂತ ಇಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ಅಂದರೆ 600 ವ್ಯಾಟ್ ಅವರ್. ನಿಮ್ಮ ಬ್ಯಾಂಕ್ ಒಟ್ಟು 24 ವೋಲ್ಟ್, 300 ಎಎಚ್, ಅಂದರೆ 7200. ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾದರೆ ಕೈಗೆ ಸಿಗುವುದು 3600. ಬಿಸಿಲೇ ಇಲ್ಲದಿದ್ದರೆ ಆರು ದಿನದ ಬಾಳು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ನಿಮ್ಮ ಕಡೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಪ್ಯಾನಲ್ ತನ್ನ ಹೆಸರಿಗೆ ಬರೆದ ವ್ಯಾಟ್‌ನ ಆರನೇ ಒಂದು ಭಾಗ ಕೊಟ್ಟರೆ ಪುಣ್ಯ.

ಈಗ ಇನ್ನೊಂದು ಕಡೆ ನೋಡಿ. ಬ್ಯಾಟರಿ ತನ್ನಷ್ಟಕ್ಕೆ ತಾನೇ ಕಳೆದುಕೊಳ್ಳುವುದು, ಅಂಗಡಿಯಲ್ಲಿ ನಾವು ಸೆಲ್ಫ್ ಡಿಸ್ಚಾರ್ಜ್ ಅನ್ನುತ್ತೇವೆ, ಒಳ್ಳೆಯ ಟ್ಯೂಬುಲರ್‌ಗೆ ತಿಂಗಳಿಗೆ ನೂರಕ್ಕೆ 3–4 ಭಾಗ. 300ರಲ್ಲಿ 12 ಎಎಚ್. ದಿನಕ್ಕೆ ಹಂಚಿದರೆ 10 ವ್ಯಾಟ್ ಅವರ್ ಅಷ್ಟೇ! ಕಂಟ್ರೋಲರ್ ತಾನು ಬದುಕಲು ಇನ್ನೊಂದು 10 ತಿನ್ನುತ್ತದೆ ಅನ್ನಿ. ಇಪ್ಪತ್ತು ಎಲ್ಲಿ, ಆರುನೂರು ಎಲ್ಲಿ? ಹಾಗಾಗಿ ಇನ್ವರ್ಟರ್ ಒಂದನ್ನು ತಪ್ಪಿಸಿದರೆ ನಿಮ್ಮ ಮುಕ್ಕಾಲು ಸಮಸ್ಯೆ ಮುಗಿಯಿತು.

ಇನ್ವರ್ಟರ್ ಮುಂಭಾಗದ ಗುಂಡಿ ಒತ್ತಿ ಆಫ್ ಮಾಡಿದರೆ ಸಾಲದು. ಕೆಲವು ಇನ್ವರ್ಟರ್ ಆಫ್ ಆದಮೇಲೂ ಸ್ವಲ್ಪ ಎಳೆಯುತ್ತವೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ದಪ್ಪ ಕೇಬಲನ್ನೇ ಬಿಚ್ಚಿ.

ಕಡೂರು ಬಿಸಿಲು — ಮೇ 12

ಎಲ್ಲ ಬಿಚ್ಚಿಡುವುದೇ ಒಳ್ಳೆಯದು ಅನ್ನುವುದು ನನ್ನ ಅನುಭವ. ನಮ್ಮದು ಕಡೂರು, ಬಯಲುಸೀಮೆ, ನಿಮ್ಮ ಹಾಗೆ ಮಳೆ ತಂಪು ಯಾವುದೂ ಇಲ್ಲ. ತೋಟದ ಮನೆಗೆ 12 ವೋಲ್ಟಿನ ಒಂದು ಸಿಸ್ಟಮ್ ಹಾಕಿಸಿದ್ದೆ. ಮಾರ್ಚ್‌ನಲ್ಲಿ ಬೀಗ ಹಾಕಿ ಹೋದವನು ಮೇ ಕೊನೆಗೆ ಬಂದೆ. ಪ್ಯಾನಲ್ ಜೋಡಿಸಿಯೇ ಹೋಗಿದ್ದೆ. ಬ್ಯಾಟರಿಯಲ್ಲಿ ನೀರೇ ಇಲ್ಲ, ಪ್ಲೇಟ್ ಒಣಗಿ ಬಿಳಿ ಬಂದಿತ್ತು, ಡಬ್ಬಿಯ ಹೊಟ್ಟೆ ಉಬ್ಬಿತ್ತು. ಜೋಡಿಸಿ ಹೋದವನಾಗಿ ನಾನು ಇಷ್ಟು ಹೇಳಬಲ್ಲೆ, ಬಿಚ್ಚಿಡಿ.

ಹಾಸನ ಬ್ಯಾಟರಿ ಅಂಗಡಿ — ಮೇ 12

ಸರ್, ನಿಮ್ಮ ಕಂಟ್ರೋಲರ್ ಫ್ಲೋಟ್ ವೋಲ್ಟೇಜ್, ಅಂದರೆ ಬ್ಯಾಟರಿ ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್, ಎಷ್ಟಿತ್ತು ಅಂತ ನೋಡಿದ್ದಿರಾ?

ಕಡೂರು ಬಿಸಿಲು — ಮೇ 12

ಆಗ ಗೊತ್ತಿರಲಿಲ್ಲ. ಆಮೇಲೆ ಬೇರೆಯವರು ಬಂದು ನೋಡಿದಾಗ 14.6ರಲ್ಲಿ ನಿಂತಿತ್ತು ಅಂದರು. ಹಾಕಿದವರು ಸೆಟ್ಟಿಂಗ್ ಮುಟ್ಟಿಯೇ ಇರಲಿಲ್ಲವಂತೆ.

ಹಾಸನ ಬ್ಯಾಟರಿ ಅಂಗಡಿ — ಮೇ 12

ಅದೇ ಕಾರಣ. ತುಂಬಿದ ಬ್ಯಾಟರಿಯನ್ನು ದಿನವಿಡೀ 14.6ರಲ್ಲಿ ಹಿಡಿದರೆ ಕಡೂರಿನ ಬಿಸಿಲಲ್ಲಿ ಅದು ಒಲೆ ಮೇಲಿಟ್ಟ ಪಾತ್ರೆ. ಫ್ಲೋಟ್ 13.5ರಿಂದ 13.8ರ ಒಳಗೆ ಇರಬೇಕು, 24 ವೋಲ್ಟಿಗೆ ಅದರ ಎರಡರಷ್ಟು, 27ರಿಂದ 27.6. ಬಿಸಿ ಏರಿದ ಹಾಗೆ ಈ ಅಂಕೆ ಇಳಿಯಬೇಕು. ಒಂದು ಸೆಲ್‌ಗೆ ಒಂದು ಡಿಗ್ರಿಗೆ ಸುಮಾರು 4 ಮಿಲಿವೋಲ್ಟ್ ಲೆಕ್ಕ, 12 ವೋಲ್ಟಿನ ಬ್ಯಾಟರಿಯೊಳಗೆ ಆರು ಸೆಲ್. ನೀವು 25 ಡಿಗ್ರಿಯಿಂದ 35ಕ್ಕೆ ಹೋದರೆ 12 ವೋಲ್ಟಿನ ಬ್ಯಾಟರಿಗೆ ಕಾಲು ವೋಲ್ಟ್ ಕಮ್ಮಿ ಕೊಡಬೇಕು. ಕಂಟ್ರೋಲರ್ ಜೊತೆ ಒಂದು ಕಪ್ಪು ವೈರಿನ ಸೆನ್ಸರ್ ಕೊಟ್ಟಿರುತ್ತಾರೆ, ಬಹಳ ಮನೆಗಳಲ್ಲಿ ಅದು ಡಬ್ಬಿಯಲ್ಲೇ ಇರುತ್ತೆ. ಅದನ್ನು ಬ್ಯಾಟರಿ ಮೈಗೆ ಅಂಟಿಸಿ, ಉಳಿದದ್ದು ಅದೇ ನೋಡಿಕೊಳ್ಳುತ್ತದೆ.

ಬಿಚ್ಚಿಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಪೂರ್ತಿ ತುಂಬಿಸಿ ಬಿಚ್ಚಿಟ್ಟರೆ ಬಾಳೂರಿನ ತಂಪಿಗೆ ಐದು ತಿಂಗಳಲ್ಲಿ ನೂರಕ್ಕೆ 80ರ ಹತ್ತಿರ ಉಳಿದೀತು. ಕಡೂರಿನ ಸೆಕೆಗೆ ಅಷ್ಟು ಉಳಿಯುವುದಿಲ್ಲ, ಹತ್ತು ಡಿಗ್ರಿ ಏರಿದರೆ ತಾನಾಗಿ ಕಳೆಯುವುದು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಆದರೆ ಲೆಡ್ ಆಸಿಡ್ ಬ್ಯಾಟರಿಗೆ ಅರೆಹೊಟ್ಟೆ ಆಗಿಬರುವುದಿಲ್ಲ. ಖಾಲಿಯಾದ ಭಾಗದಲ್ಲಿ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ, ಮೊದಮೊದಲು ಮೆತ್ತಗಿರುತ್ತದೆ, ಚಾರ್ಜ್ ಕೊಟ್ಟರೆ ಕರಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಏನು ಮಾಡಿದರೂ ಬಿಡದು. ಬೆಲ್ಲದ ಪಾಕ ಪಾತ್ರೆಗೆ ಹಿಡಿದ ಹಾಗೆ, ಬಿಸಿ ಇದ್ದಾಗ ತೊಳೆದರೆ ಹೋಯಿತು, ಇಲ್ಲದಿದ್ದರೆ ಕೆರೆಯುತ್ತಾ ಕೂರಬೇಕು. ಅದಕ್ಕೇ ಒಂದು ಹನಿ ಚಾರ್ಜ್ ಬೀಳುತ್ತಾ ಇದ್ದರೆ ಒಳ್ಳೆಯದು.

ಕಳಸದ ಹಳ್ಳ — ಮೇ 13

ನಮ್ಮಲ್ಲಿ ಮಳೆಗಾಲಕ್ಕೆ ಹಳ್ಳದ ನೀರಿನ ಟರ್ಬೈನ್ ಇದೆ, ಬೇಸಿಗೆಗೆ ಸೋಲಾರ್. ಪ್ರಶ್ನೆಗೆ ನೇರ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಯಾರಿಗಾದರೂ ಟರ್ಬೈನ್ ಇದ್ದರೆ ಅದನ್ನು ಓಡಿಸಿ ಬಿಟ್ಟು ಊರಿಗೆ ಹೋಗಬೇಡಿ. ಸೋಲಾರ್ ಪ್ಯಾನಲ್‌ನಿಂದ ಕರೆಂಟ್ ಯಾರೂ ತೆಗೆದುಕೊಳ್ಳದಿದ್ದರೆ ಅದು ಸುಮ್ನೆ ಬಿಸಿಲು ಕಾಯಿಸುತ್ತಾ ಕೂರುತ್ತದೆ, ತೊಂದರೆ ಇಲ್ಲ. ಟರ್ಬೈನ್ ಹಾಗಲ್ಲ, ಲೋಡ್ ತಪ್ಪಿದ ಕೂಡಲೇ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ. ಪೈಪಿನ ವಾಲ್ವ್ ಮುಚ್ಚಿ ಹೋಗಬೇಕು.

ಬಾಳೂರು ತೋಟ — ಮೇ 13

ತುಂಬಾ ಉಪಕಾರ ಆಯಿತು. ಸರಿ, ಇನ್ವರ್ಟರ್ ಬಿಚ್ಚುವುದು, ಪ್ಯಾನಲ್ ಮತ್ತು ಕಂಟ್ರೋಲರ್ ಬಿಡುವುದು, ಇಷ್ಟು ಅರ್ಥ ಆಯಿತು. ಆದರೆ ಒಂದು ಕಿಲೋವ್ಯಾಟ್ ಪ್ಯಾನಲ್ ಪೂರ್ತಿ ಬಿಟ್ಟರೆ ಕಡೂರಿನವರ ಹಾಗೆ ನೀರು ಆರಿಹೋಗುವುದಿಲ್ಲವೇ? ಐದು ತಿಂಗಳು ನೀರು ಹಾಕುವವರು ಇಲ್ಲ. ಕ್ಯಾಮೆರಾ ಕಥೆ ಏನು?

ಹಳೇ ವೈರ್‌ಮನ್ — ಮೇ 13

ಮೂರು ಪ್ಯಾನಲ್ ಪ್ಯಾರಲಲ್ ಇದ್ದರೆ ಎರಡನ್ನು ಬಿಚ್ಚಿ, ಒಂದೇ ಬಿಡಿ. ನಿಮಗೆ ಬೇಕಿರುವುದು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ವ್ಯಾಟ್ ಅವರ್, 335 ವ್ಯಾಟಿನ ಒಂದು ಪ್ಯಾನಲ್ ಎಂಥ ಕರಿ ಮೋಡದಲ್ಲೂ ಅದರ ಹಲವು ಪಟ್ಟು ಕೊಡುತ್ತೆ. ಹಗಲು ಬಿಸಿಲಿನಲ್ಲಿ ಆ ಕನೆಕ್ಟರ್ ಎಳೆಯಬೇಡಿ, ಡಿಸಿ ಕರೆಂಟ್ ಕಿಡಿ ಹಿಡಿದರೆ ಬಿಡುವುದಿಲ್ಲ, ಕತ್ತಲಾದ ಮೇಲೆ ಬಿಚ್ಚಿ. ಬಿಚ್ಚಿದ ತುದಿಗೆ ಮುಚ್ಚಳ ಸಿಗುತ್ತದೆ, ಸಿಗದಿದ್ದರೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ ಬಾಯಿ ಕೆಳಗೆ ಮಾಡಿ ಕಟ್ಟಿ.

ಕಂಟ್ರೋಲರ್ ಒಳಗೆ ಇನ್ನೊಂದು ಸೆಟ್ಟಿಂಗ್ ಇರುತ್ತೆ, ಈಕ್ವಲೈಸ್ ಅಂತ. ತಿಂಗಳಿಗೊಮ್ಮೆ ವೋಲ್ಟೇಜ್ ಏರಿಸಿ ಎರಡು ಗಂಟೆ ಕುದಿಸುತ್ತದೆ. ಅದನ್ನು ಆಫ್ ಮಾಡಿ ಹೋಗಿ.

ಹಾಸನ ಬ್ಯಾಟರಿ ಅಂಗಡಿ — ಮೇ 13

ಈಕ್ವಲೈಸ್ ಬಗ್ಗೆ ನನ್ನದು ಬೇರೆ ಮಾತು ಅಣ್ಣ. ಅಲುಗಾಡದೆ ನಿಂತ ಬ್ಯಾಟರಿಯಲ್ಲಿ ಆಸಿಡ್ ತಳಕ್ಕೆ ಇಳಿಯುತ್ತದೆ, ಮೇಲೆ ತೆಳು, ಕೆಳಗೆ ಗಟ್ಟಿ. ಆಗಾಗ ಗುಳ್ಳೆ ಎದ್ದರೆ ಕಲಕಿದ ಹಾಗೆ ಆಗುತ್ತದೆ. ನೀರು ಮೇಲಿನ ಗುರುತಿನವರೆಗೆ ಇದ್ದರೆ ತಿಂಗಳಿಗೆ ಒಂದು ಸಲ ಕುದಿದು ನೀರೇನೂ ಖಾಲಿ ಆಗುವುದಿಲ್ಲ.

ಹಳೇ ವೈರ್‌ಮನ್ — ಮೇ 13

ನೋಡುವವರು ಇದ್ದಾಗ ಸರಿ. ಮನೆಯಲ್ಲಿ ಜನ ಇಲ್ಲದಾಗ ಬ್ಯಾಟರಿ ಕುದಿಸುವುದು ನನಗೆ ಒಗ್ಗುವುದಿಲ್ಲ. ಬಂದ ಮೇಲೆ ಮುಂದೆ ನಿಂತು ಮಾಡಲಿ.

ಹಾಸನ ಬ್ಯಾಟರಿ ಅಂಗಡಿ — ಮೇ 13

ಆಯಿತು, ಅದನ್ನು ಒಪ್ಪುತ್ತೇನೆ. ಕ್ಯಾಮೆರಾ ವಿಷಯ: ಅದನ್ನು ಈ ಬ್ಯಾಂಕಿಗೆ ಸೇರಿಸಬೇಡಿ. ಕ್ಯಾಮೆರಾ, ರೌಟರ್ ಎರಡೂ ಸೇರಿ 15 ವ್ಯಾಟ್ ಇರಬಹುದು, ಆದರೆ ಅವಕ್ಕೋಸ್ಕರ ಇನ್ವರ್ಟರ್ ಆನ್ ಇಡಬೇಕಲ್ಲ, ಮತ್ತೆ ಹಳೇ ಕಥೆಯೇ. ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಬರುತ್ತವೆ, ತನ್ನ ಪ್ಯಾನಲ್, ತನ್ನ ಬ್ಯಾಟರಿ. ಮಳೆಯಲ್ಲಿ ಅದು ಸತ್ತರೆ ಸಾಯಲಿ, ನಿಮ್ಮ ನಾಲ್ಕು ಬ್ಯಾಟರಿ ಉಳಿಯುತ್ತವೆ.

ಆಲೂರು ಬೇಲಿ — ಮೇ 14

ಸೋಲಾರ್ ಬೇಲಿ ಇದೆಯಾ ನಿಮಗೆ? ಆಲೂರು ಸಕಲೇಶಪುರದ ಕಡೆ ಆನೆ ಕಾಟ ಗೊತ್ತಲ್ಲ. ಬೇಲಿಯ ಬ್ಯಾಟರಿಯನ್ನು ಮನೆ ಬ್ಯಾಂಕಿನಿಂದ ಎಳೆದಿದ್ದರೆ ಈಗಲೇ ಬೇರೆ ಮಾಡಿ. ನಾನು ಬೇಲಿಗೆ ಬೇರೆ 12 ವೋಲ್ಟ್ ಬ್ಯಾಟರಿ, ಬೇರೆ ಸಣ್ಣ ಪ್ಯಾನಲ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟ್ ನೆಲಕ್ಕೆ ಸೋರುತ್ತದೆ, ಬೇಲಿಗೂ ಬಲ ಇಲ್ಲ, ಬ್ಯಾಟರಿಗೂ ಜೀವ ಇಲ್ಲ. ಹದಿನೈದು ದಿನಕ್ಕೊಮ್ಮೆ ತಂತಿ ಕೆಳಗಿನ ಹುಲ್ಲು ಸವರಲು ರೈಟರಿಗೆ ಹೇಳಿ ಹೋಗಿ.

ಹೋಂಸ್ಟೇ ಅಕ್ಕ — ಮೇ 14

ನಮ್ಮದು ಬೇಲೂರು ಕಡೆ, ಹೋದ ವರ್ಷ ಲಿಥಿಯಂಗೆ ಬದಲಾಯಿಸಿದೆವು, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್). ನನಗೂ ಇದೇ ಪ್ರಶ್ನೆ ಇದೆ. ಮಳೆಗಾಲದಲ್ಲಿ ಗೆಸ್ಟ್ ಕಮ್ಮಿ, ಎರಡು ತಿಂಗಳು ಮುಚ್ಚುತ್ತೇವೆ. ಪೂರ್ತಿ ತುಂಬಿಸಿ ಇಟ್ಟರೆ ಆಯಿತಾ?

ಹಾಸನ ಬ್ಯಾಟರಿ ಅಂಗಡಿ — ಮೇ 14

ಅಕ್ಕ, ಲಿಥಿಯಂಗೆ ತದ್ವಿರುದ್ಧ. ಲೆಡ್ ಆಸಿಡ್ ತುಂಬಿದ ಹೊಟ್ಟೆಯಲ್ಲಿ ಮಲಗಬೇಕು, ಲಿಥಿಯಂ ಅರ್ಧ ಹೊಟ್ಟೆಯಲ್ಲಿ. ನೂರಕ್ಕೆ 50–60ಕ್ಕೆ ತಂದು, ಪ್ಯಾನಲ್ ಬಿಚ್ಚಿ, ಬ್ಯಾಟರಿಯ ಬ್ರೇಕರ್ ಆಫ್ ಮಾಡಿ ಹೋಗಿ. ಎರಡು ತಿಂಗಳಿಗೆ ಏನೂ ಆಗುವುದಿಲ್ಲ. ಖಾಲಿ ಮಾಡಿ ಮಾತ್ರ ಹೋಗಬೇಡಿ. ಒಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇರುತ್ತದೆ, ಅದೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ತೀರಾ ಕೆಳಗೆ ಹೋದರೆ ಅದು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಆಗ ಹೊರಗಿನಿಂದ ನೋಡಿದರೆ ಸೊನ್ನೆ ವೋಲ್ಟ್. ಕಂಟ್ರೋಲರ್ ಬ್ಯಾಟರಿಯೇ ಇಲ್ಲ ಅಂದುಕೊಂಡು ಚಾರ್ಜ್ ಕೊಡುವುದೇ ಇಲ್ಲ. ಎಬ್ಬಿಸಲು ಲಿಥಿಯಂ ಚಾರ್ಜರ್ ತರಬೇಕಾಗುತ್ತದೆ.

ಹೋಂಸ್ಟೇ ಅಕ್ಕ — ಮೇ 14

ಅಯ್ಯೋ, ನಾನು ಟ್ಯೂಬುಲರ್ ಅಭ್ಯಾಸದಲ್ಲಿ ತುಂಬಿಸಿಯೇ ಇಡುತ್ತಿದ್ದೆ. ಥ್ಯಾಂಕ್ಸ್.

ಅರಸೀಕೆರೆ ಹುಡುಗ — ಮೇ 15

ಹೊರಡುವ ಮುಂಚೆ ಗ್ರಾವಿಟಿ (ಹೈಡ್ರೋಮೀಟರ್‌ನಲ್ಲಿ ನೋಡುವ ಆಸಿಡ್ ಸಾಂದ್ರತೆ) ಕಮ್ಮಿ ಇದ್ದರೆ ಒಂದು ಸ್ವಲ್ಪ ಆಸಿಡ್ ಹಾಕಿ ಸರ್, ಏರುತ್ತೆ. ನಮ್ಮ ಟ್ರ್ಯಾಕ್ಟರ್ ಬ್ಯಾಟರಿಗೆ ಹಾಗೇ ಮಾಡ್ತೀವಿ.

ಹಳೇ ವೈರ್‌ಮನ್ — ಮೇ 15

ತಮ್ಮಾ, ಬೇಡ. ಆರಿಹೋಗುವುದು ನೀರು ಮಾತ್ರ, ಆಸಿಡ್ ಅಲ್ಲೇ ಇರುತ್ತೆ. ಗ್ರಾವಿಟಿ ಕಮ್ಮಿ ಅಂದರೆ ಆಸಿಡ್ ಪ್ಲೇಟಿನೊಳಗೆ ಸಲ್ಫೇಟ್ ಆಗಿ ಕೂತಿದೆ ಅಂತ, ಚಾರ್ಜ್ ಮಾಡಿದರೆ ಹೊರಗೆ ಬರುತ್ತದೆ. ಮೇಲಿನಿಂದ ಆಸಿಡ್ ಸುರಿದರೆ ಹೈಡ್ರೋಮೀಟರ್‌ಗೆ ಸಂತೋಷ, ಪ್ಲೇಟಿಗೆ ಸಾವು. ಟ್ರ್ಯಾಕ್ಟರ್ ಬ್ಯಾಟರಿ ಎಷ್ಟು ವರ್ಷ ಬರುತ್ತೆ ನಿಮಗೆ?

ಅರಸೀಕೆರೆ ಹುಡುಗ — ಮೇ 15

ಎರಡು 🙂

ಬಾಳೂರು ತೋಟ — ಮೇ 15

ನೀರಿನ ಮಾತು ಬಂತಲ್ಲ, ನಮ್ಮ ಮನೆಯಲ್ಲಿ ಮಳೆ ನೀರು ಹಿಡಿದು ಹಾಕುವ ಪದ್ಧತಿ ಇದೆ. ಅಪ್ಪ ಜೀಪಿನ ಬ್ಯಾಟರಿಗೂ ಅದನ್ನೇ ಹಾಕುತ್ತಿದ್ದರು. ಸರಿಯಾ?

ಹಾಸನ ಬ್ಯಾಟರಿ ಅಂಗಡಿ — ಮೇ 15

ಮಲೆನಾಡಿನಲ್ಲಿ ಎಲ್ಲರ ಮನೆಯಲ್ಲೂ ಇದೆ ಈ ಪದ್ಧತಿ. ಮೊದಲ ಮಳೆ ಬಿಟ್ಟು, ಜೋರು ಮಳೆ ಒಂದು ಗಂಟೆ ಹೊಯ್ದ ಮೇಲೆ, ಬಯಲಲ್ಲಿ ಶುದ್ಧ ಪ್ಲಾಸ್ಟಿಕ್ ಬಕೆಟ್ ಇಟ್ಟು ನೇರ ಆಕಾಶದಿಂದ ಹಿಡಿದರೆ ದೊಡ್ಡ ತೊಂದರೆ ಇಲ್ಲ. ಹಂಚಿನ ಮೇಲೆ, ತಗಡಿನ ಮೇಲೆ ಹರಿದು ಬಂದ ನೀರು ಬೇಡವೇ ಬೇಡ, ಕಬ್ಬಿಣದ ಅಂಶ ಸೇರಿದರೆ ಬ್ಯಾಟರಿ ತನ್ನಷ್ಟಕ್ಕೆ ಬೇಗ ಖಾಲಿಯಾಗುತ್ತದೆ. ಕುಡಿಯುವ ಫಿಲ್ಟರ್ ನೀರೂ ಡಿಸ್ಟಿಲ್ಡ್ ವಾಟರ್ ಅಲ್ಲ. ಆದರೆ ಐದು ತಿಂಗಳಿಗೆ ಬಿಟ್ಟು ಹೋಗುವಾಗ ಈ ಜಿಪುಣತನ ಯಾಕೆ, ಮೂಡಿಗೆರೆಯಲ್ಲೇ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗುತ್ತಲ್ವಾ. ಪೂರ್ತಿ ಚಾರ್ಜ್ ಆದ ಮೇಲೆ ಮೇಲಿನ ಗುರುತಿಗೆ ಹಾಕಿ. ಚಾರ್ಜಿಗೆ ಮುಂಚೆ ಕಂಠಪೂರ್ತಿ ಹಾಕಿದರೆ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಪ್ಲೇಟ್ ಕಾಣುವಷ್ಟು ಕಮ್ಮಿ ಇದ್ದರೆ ಮಾತ್ರ ಮೊದಲು ಮುಳುಗುವಷ್ಟು ಹಾಕಿ ಆಮೇಲೆ ಚಾರ್ಜ್ ಮಾಡಿ.

ಹೊರಡುವ ಹಿಂದಿನ ವಾರ 24 ಸೆಲ್‌ಗಳ ಗ್ರಾವಿಟಿಯನ್ನೂ ನೋಡಿ ಬರೆದಿಡಿ. ಟ್ಯೂಬುಲರ್ ತುಂಬಿದಾಗ 1240ರ ಆಸುಪಾಸು ಬರಬೇಕು. ನಾಲ್ಕೂ ಬ್ಯಾಟರಿ ಮೇಲ್ಮೈ ಒರೆಸಿ ಒಣಗಿಸಿ. ಆಸಿಡ್ ಆವಿ ಮತ್ತು ದೂಳು ಸೇರಿದ ಪಸೆ ಇರುತ್ತದೆ, ಮಳೆಗಾಲದ ತೇವಕ್ಕೆ ಅದೇ ವೈರ್ ಆಗಿ ಎರಡು ಟರ್ಮಿನಲ್ ನಡುವೆ ಕರೆಂಟ್ ಸೋರುತ್ತದೆ. ಅಡುಗೆ ಸೋಡಾ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಮುಚ್ಚಳದ ಒಳಗೆ ಒಂದು ಹನಿಯೂ ಹೋಗಬಾರದು. ಟರ್ಮಿನಲ್‌ಗೆ ವ್ಯಾಸಲೀನ್.

ಹಳೇ ವೈರ್‌ಮನ್ — ಮೇ 15

ಬ್ಯಾಟರಿ ನೆಲದ ಮೇಲೆ ಇಟ್ಟಿದ್ದರೆ ಹಲಗೆ ಮೇಲೆ ಇಡಿ. ನೆಲ ಕರೆಂಟ್ ಎಳೆಯುತ್ತೆ.

ಹಾಸನ ಬ್ಯಾಟರಿ ಅಂಗಡಿ — ಮೇ 15

ಅಣ್ಣ, ಅದು ರಬ್ಬರ್ ಡಬ್ಬಿ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಡಬ್ಬಿಯಿಂದ ನೆಲ ಏನೂ ಎಳೆಯುವುದಿಲ್ಲ. ಹಲಗೆ ಇಟ್ಟರೆ ಒಳ್ಳೆಯದೇ, ಕೆಳಗೆ ನೀರು ಬಂದರೆ ತಾಗುವುದಿಲ್ಲ.

ಹಳೇ ವೈರ್‌ಮನ್ — ಮೇ 15

ಸರಿ, ಎಳೆಯದಿದ್ದರೂ ಹಲಗೆ ಇಡಿ.

ಕೊಪ್ಪದಿಂದ — ಮೇ 16

ಒಂದು ವಿಷಯ ಯಾರೂ ಹೇಳಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇನ್ವರ್ಟರ್ ಐದು ತಿಂಗಳು ತಣ್ಣಗೆ ಕೂತರೆ ಒಳಗಿನ ಬೋರ್ಡ್ ಬೂಷ್ಟು ಹಿಡಿಯುತ್ತದೆ. ಆನ್ ಇದ್ದರೆ ಆ ಬಿಸಿಗೆ ತೇವ ಹತ್ತಿರ ಬರುವುದಿಲ್ಲ. ನಮ್ಮ ಮನೆಯ ಟಿವಿ ಹೀಗೇ ಸತ್ತದ್ದು, ಬಂದ ದಿನವೇ ಸ್ವಿಚ್ ಹಾಕಿದೆವು, ಟಪ್ ಅಂತು. ಬಿಚ್ಚಿದ ಇನ್ವರ್ಟರನ್ನು ಒಣ ಜಾಗದಲ್ಲಿ ಇಡಬೇಕು. ಅಡುಗೆಮನೆ ಒಲೆ ಮೇಲಿನ ಅಟ್ಟ ಬೆಸ್ಟು, ಆದರೆ ನಿಮ್ಮಲ್ಲಿ ಒಲೆ ಹಚ್ಚುವವರು ಇರುವುದಿಲ್ಲವಲ್ಲ.

ಬಾಳೂರು ತೋಟ — ಮೇ 16

ರೈಟರ್ ಮನೆಯಲ್ಲಿ ದಿನಾ ಒಲೆ ಉರಿಯುತ್ತದೆ. ಅವರ ಅಟ್ಟದಲ್ಲಿ ಮೆಣಸಿನ ಚೀಲದ ಪಕ್ಕ ಇಡಿಸುತ್ತೇನೆ.

ಶೃಂಗೇರಿ ಮನೆ — ಮೇ 17

ನಮ್ಮದು ಒಂದೇ ಡಬ್ಬಿಯ ಸೋಲಾರ್ ಇನ್ವರ್ಟರ್, ಕಂಟ್ರೋಲರ್ ಅದರ ಒಳಗೇ ಇದೆ. ಕೇಬಲ್ ಬಿಚ್ಚಿದರೆ ಚಾರ್ಜೂ ನಿಲ್ಲುತ್ತೆ ಅಲ್ವಾ? ನಾವು ಏನು ಮಾಡಬೇಕು?

ಹಾಸನ ಬ್ಯಾಟರಿ ಅಂಗಡಿ — ಮೇ 17

ಹೌದು, ಅದಕ್ಕೆ ಕೇಬಲ್ ಬಿಚ್ಚುವ ಹಾಗಿಲ್ಲ. ಮುಂದಿನ ಸ್ವಿಚ್ ಆಫ್ ಮಾಡಿ, ಬಿಸಿಲಿರುವಾಗ ಬ್ಯಾಟರಿ ಕೇಬಲ್‌ಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ. ಬಹಳಷ್ಟರಲ್ಲಿ ಮನೆ ಕಡೆಗೆ ಕರೆಂಟ್ ನಿಂತರೂ ಪ್ಯಾನಲ್‌ನಿಂದ ಚಾರ್ಜ್ ಹೋಗುತ್ತಿರುತ್ತದೆ. ಹೋಗುತ್ತಿದ್ದರೆ ಹಾಗೇ ಬಿಡಿ, ಆದರೆ ರಾತ್ರಿ ಎಷ್ಟು ಎಳೆಯುತ್ತೆ ಅಂತಲೂ ನೋಡಿ. ಜಾಸ್ತಿ ಇದ್ದರೆ ಸಣ್ಣದೊಂದು ಕಂಟ್ರೋಲರ್ ತಂದು ಒಂದು ಪ್ಯಾನಲ್ ಅದಕ್ಕೆ ಕೊಡಿ.

ಹಳೇ ವೈರ್‌ಮನ್ — ಮೇ 18

ಬಾಳೂರಿನವರಿಗೆ ಕೊನೆಯ ಮಾತು. ಬಿಚ್ಚುವ ದಿನ ಉಂಗುರ, ವಾಚ್, ಬ್ರೇಸ್ಲೆಟ್ ತೆಗೆದಿಡಿ. ಸ್ಪಾನರ್ ಹಿಡಿಗೆ ಟೇಪ್ ಸುತ್ತಿ. ಮೊದಲು ಇನ್ವರ್ಟರ್ ಆಫ್, ಆಮೇಲೆ ಅದರ ಮೈನಸ್ ಕೇಬಲ್, ಆಮೇಲೆ ಪ್ಲಸ್, ತುದಿಗೆ ರಬ್ಬರ್ ಟ್ಯೂಬ್ ಹಾಕಿ ಕಟ್ಟಿ. ಕಂಟ್ರೋಲರ್‌ನಿಂದ ಬ್ಯಾಟರಿ ವೈರ್ ಮುಟ್ಟಬೇಡಿ. ಯಾವತ್ತಾದರೂ ಅದನ್ನೂ ಬಿಚ್ಚಬೇಕಾದರೆ ಮೊದಲು ಪ್ಯಾನಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಇದು ಉಲ್ಟಾ ಆಗಿ ಸುಟ್ಟ ಕಂಟ್ರೋಲರ್ ನಾನು ಬೇಕಾದಷ್ಟು ನೋಡಿದ್ದೇನೆ.

ರೈಟರಿಗೆ ಏನೂ ಮುಟ್ಟಲು ಹೇಳಬೇಡಿ. ವಾರಕ್ಕೊಮ್ಮೆ ಮಧ್ಯಾಹ್ನ ಹನ್ನೆರಡಕ್ಕೆ ಕಂಟ್ರೋಲರ್ ಮೀಟರಿನ ಫೋಟೋ ತೆಗೆದು ಕಳಿಸಲಿ. ರಾತ್ರಿಯದಲ್ಲ, ಮಧ್ಯಾಹ್ನದ್ದು.

ಬಾಳೂರು ತೋಟ — ಜೂನ್ 3

ನಾಳೆ ಹೊರಡುತ್ತೇವೆ. ಎಲ್ಲ ಮಾಡಿದೆ. 24 ಸೆಲ್ 1235ರಿಂದ 1245ರ ಒಳಗೆ ಇವೆ. ಪುಸ್ತಕದಲ್ಲಿ ಬರೆದಿದ್ದೇನೆ. ಫ್ಲೋಟ್ 27.2ಕ್ಕೆ ಇಟ್ಟೆ. ಎರಡು ಪ್ಯಾನಲ್ ಬಿಚ್ಚಿದೆ. ಇನ್ವರ್ಟರ್ ಅಟ್ಟ ಸೇರಿತು. ಕ್ಯಾಮೆರಾ ಆಸೆ ಬಿಟ್ಟೆ, ನಮ್ಮ ಮನೆಯವರು ಬೈದರು, ಐದು ತಿಂಗಳು ಅಲ್ಲಿ ಕೂತು ಇಲ್ಲಿಯ ಜಗಲಿ ನೋಡ್ತೀರಾ ಅಂತ.

ಬಾಳೂರು ತೋಟ — ಆಗಸ್ಟ್ 9

ಇಲ್ಲಿಂದಲೇ ಬರೆಯುತ್ತಿದ್ದೇನೆ. ಜುಲೈ ಎರಡನೇ ವಾರದವರೆಗೆ ಮಧ್ಯಾಹ್ನದ ಫೋಟೋದಲ್ಲಿ 27.1, 27.2 ಬರುತ್ತಿತ್ತು. ಆಮೇಲೆ 25.4, 25.3, ಈಗ 25.2. ನಾಲ್ಕು ವಾರ ಆಯಿತು. ಆಶ್ಲೇಷ ಮಳೆ ಜೋರಿದೆಯಂತೆ, ಅದಕ್ಕೇ ಇರಬಹುದು ಅಂತ ಸುಮ್ಮನಿದ್ದೆ. ಇವತ್ತು ಯಾಕೋ ಭಯ ಆಯಿತು.

ಹಳೇ ವೈರ್‌ಮನ್ — ಆಗಸ್ಟ್ 9

ಮಳೆ ಅಲ್ಲ ಅದು. ಎಷ್ಟೇ ಮಳೆ ಇದ್ದರೂ ಮಧ್ಯಾಹ್ನ ಪ್ಯಾನಲ್ ಸ್ವಲ್ಪವಾದರೂ ದೂಡುತ್ತೆ, ವೋಲ್ಟೇಜ್ 26ರ ಮೇಲೆ ಹೋಗಿ ಬರಬೇಕು. ವಾರ ವಾರವೂ ಹೆಚ್ಚುಕಮ್ಮಿ ಒಂದೇ ಅಂಕೆ ಅಂದರೆ ಪ್ಯಾನಲ್‌ನಿಂದ ಏನೂ ಬರುತ್ತಿಲ್ಲ. ಪ್ಯಾನಲ್ ಮೇಲೆ ಕೊಂಬೆ ಬಿದ್ದಿದೆಯಾ, ಫ್ಯೂಸ್ ಹೋಗಿದೆಯಾ, ಇಲ್ಲ ವೈರ್ ಇಲಿ ಕಡಿದಿದೆಯಾ ನೋಡಲು ಹೇಳಿ.

ಗಾಬರಿ ಬೇಡ. ಇನ್ವರ್ಟರ್ ಬಿಚ್ಚಿದ್ದೀರಿ. 25.2 ಅಂದರೆ ಇನ್ನೂ ನೂರಕ್ಕೆ 85ರ ಮೇಲೇ ಇದೆ.

ಬಾಳೂರು ತೋಟ — ಆಗಸ್ಟ್ 23

ಇಲಿಯೇ. ವೈರ್ ಅಟ್ಟದ ಮೂಲಕ ಬರುವಲ್ಲಿ ಒಂದು ಗೇಣು ಸಿಪ್ಪೆ ಸುಲಿದು ಒಂದು ಎಳೆ ಪೂರ್ತಿ ಕಡಿದಿತ್ತು. ಮಳೆಗೆ ಮರ ಬಿದ್ದು ದಾರಿ ಮುಚ್ಚಿತ್ತು, ಮೂಡಿಗೆರೆಯಿಂದ ಎಲೆಕ್ಟ್ರಿಷಿಯನ್ ಬರಲು ಎರಡು ವಾರ ಹಿಡಿಯಿತು. ಆರು ವಾರ ಒಂದು ಹನಿ ಚಾರ್ಜ್ ಇಲ್ಲದೆ ಬ್ಯಾಟರಿ 25.1ರಲ್ಲಿ ಕಾದಿತ್ತು. ನಿನ್ನೆಯ ಫೋಟೋ 26.8.

ಹಿಂದಿನ ಸಲದ ಹಾಗೆ ಇನ್ವರ್ಟರ್ ಬಿಟ್ಟು ಬಂದಿದ್ದರೆ ಒಂದೇ ವಾರಕ್ಕೆ ಮುಗಿಯುತ್ತಿತ್ತು ಅಂತ ಲೆಕ್ಕ ಹಾಕಿ ನೋಡಿದೆ, ರಾತ್ರಿ ನಿದ್ದೆ ಬರಲಿಲ್ಲ.

ಬಾಳೂರು ತೋಟ — ನವೆಂಬರ್ 4

ಬಂದೆವು. ಮೊಮ್ಮಗಳು ಚೆನ್ನಾಗಿದ್ದಾಳೆ, ಕೇಳಿದವರಿಗೆಲ್ಲ ಥ್ಯಾಂಕ್ಸ್.

ಕೊಪ್ಪದವರ ಮಾತು ಕೇಳಿ ಇನ್ವರ್ಟರನ್ನು ಎರಡು ದಿನ ಬಿಸಿಲಿಗೆ ಇಟ್ಟೆ. ಅಟ್ಟದ ಮಸಿ ಬಿಟ್ಟರೆ ಒಳಗೆ ಒಣಗಿಯೇ ಇತ್ತು. ನೀರು ಮೇಲಿನ ಗುರುತಿನಿಂದ ಒಂದು ಬೆರಳು ಇಳಿದಿದೆ, ಅಷ್ಟೇ. ಗ್ರಾವಿಟಿ ಹೆಚ್ಚಿನವು 1230ರ ಮೇಲೆ. ಮೂರನೇ ಬ್ಯಾಟರಿಯ ಎರಡನೇ ಸೆಲ್ ಮಾತ್ರ 1200. ಇನ್ವರ್ಟರ್ ಕೇಬಲ್ ಜೋಡಿಸಲು ಹೋದರೆ ದೊಡ್ಡ ಕಿಡಿ ಹಾರಿತು, ಕೈ ಹಿಂದೆ ತೆಗೆದೆ. ಅದು ಸಹಜವಾ?

ಹಳೇ ವೈರ್‌ಮನ್ — ನವೆಂಬರ್ 4

ಸಹಜ. ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿ ಇರುತ್ತೆ, ಒಮ್ಮೆಲೇ ಗುಟುಕರಿಸುತ್ತೆ. ಲಾರಿಯ 24 ವೋಲ್ಟ್ ಬಲ್ಬ್ ಒಂದನ್ನು ನಡುವೆ ಹಿಡಿದು ಕೇಬಲ್ ತಾಗಿಸಿ. ಬಲ್ಬ್ ಹತ್ತಿ ಮಂಕಾಗುತ್ತದೆ, ಆಮೇಲೆ ನೇರ ಜೋಡಿಸಿ. ಕಿಟಕಿ ಬಾಗಿಲು ತೆಗೆದಿಟ್ಟು ಮಾಡಿ, ಗ್ಯಾಸ್ ಇರುವ ಕೋಣೆ ಅದು.

ಹಾಸನ ಬ್ಯಾಟರಿ ಅಂಗಡಿ — ನವೆಂಬರ್ 4

ಆ ಒಂದು ಸೆಲ್‌ಗೆ ಹೆದರಬೇಡಿ. ಮೂರೂ ಪ್ಯಾನಲ್ ಜೋಡಿಸಿ, ಪೂರ್ತಿ ತುಂಬಿದ ಮೇಲೆ ಈಕ್ವಲೈಸ್ ಆನ್ ಮಾಡಿ, ಬಿಸಿಲಿನ ದಿನ ನೋಡಿ ಎರಡು ಗಂಟೆ. ಬ್ಯಾಟರಿ ಮೈ ಮುಟ್ಟಿ ನೋಡುತ್ತಿರಿ, ಬಿಸಿ ಜಾಸ್ತಿ ಅನ್ನಿಸಿದರೆ ನಿಲ್ಲಿಸಿ. ಮುಗಿದ ಮೇಲೆ ನೀರು ಹಾಕಿ. ಎರಡು ಮೂರು ದಿನ ಬಿಟ್ಟು ಗ್ರಾವಿಟಿ ನೋಡಿ ಹೇಳಿ.

ಬಾಳೂರು ತೋಟ — ನವೆಂಬರ್ 10

ಎರಡು ಸಲ ಮಾಡಿದೆ. 1200 ಇದ್ದದ್ದು 1225 ಆಯಿತು. ಉಳಿದವು 1240. ಬಲ್ಬ್ ಉಪಾಯ ಕೆಲಸ ಮಾಡಿತು, ರೈಟರ್ ಪಕ್ಕ ನಿಂತು ನೋಡಿ ನಗುತ್ತಿದ್ದರು, ಮುಂದಿನ ಸಲ ಅವರೇ ಮಾಡುತ್ತಾರಂತೆ. ಈಗ ವೈರನ್ನು ಜಿಐ ಪೈಪಿನೊಳಗೆ ಹಾಕಿಸಲು ಪೈಪ್ ತರೋಣ ಅಂತ ಕೊಟ್ಟಿಗೆಹಾರಕ್ಕೆ ಹೊರಟಿದ್ದೇನೆ. ಅಲ್ಲಿ ಸಿಗದಿದ್ದರೆ ಮೂಡಿಗೆರೆ.